ರಾತ್ರಿ ಮೂರು ಗಂಟೆಗೆ ಕಣ್ಣು ಎಳೆದರೆ ಅದು ನಿಮ್ಮ ತಪ್ಪಲ್ಲ

ಪೀಣ್ಯ, ದಾಸರಹಳ್ಳಿ, ಜಾಲಹಳ್ಳಿ ಕ್ರಾಸ್, ನಾಗಸಂದ್ರದ ರಾತ್ರಿ ಪಾಳಿಯ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ,

ನೈಟ್ ಶಿಫ್ಟ್ ಮುಗಿಸಿ ಈಗಷ್ಟೇ ಗೇಟಿನಿಂದ ಹೊರಗೆ ಬಂದಿದ್ದರೆ ಈ ಹಾಳೆಯನ್ನು ಇಲ್ಲೇ ನಿಂತು ಓದಬೇಡಿ. ಮಡಚಿ ಜೇಬಿಗೆ ಹಾಕಿಕೊಳ್ಳಿ. ಮನೆಗೆ ಹೋಗಿ, ಉಂಡು, ಮಲಗಿ, ಎದ್ದ ಮೇಲೆ ಓದಿ. "ಫಸ್ಟ್ ಶಿಫ್ಟಿನವನು ಬಂದಿಲ್ಲ, ಇವತ್ತೊಂದಿನ ನೀನೇ ನಿಂತ್ಕೋ" ಎಂಬ ಮಾತಿಗೆ ಇಲ್ಲವೆನ್ನಲಾಗದೆ ಒಳಗೇ ಉಳಿದವರು ಇದ್ದರೆ ಅವರಿಗೂ ಒಂದು ಪ್ರತಿ ತೆಗೆದುಕೊಂಡು ಹೋಗಿ.

ನಾವು ಕೇಳುತ್ತಿರುವುದು ಮುಖ್ಯವಾಗಿ ಎರಡು. ಒಂದು ಪಾಳಿ ಮುಗಿಸಿದವರನ್ನು ಮತ್ತೆ ಇನ್ನೊಂದು ಪಾಳಿಗೆ ಮೆಷಿನ್ ಮುಂದೆ ನಿಲ್ಲಿಸುವ ಡಬಲ್ ಡ್ಯೂಟಿ ನಿಲ್ಲಬೇಕು. ರಾತ್ರಿ ಎರಡರಿಂದ ಐದರವರೆಗೆ ಕೈಕಾಲಿಗೆ, ಜೀವಕ್ಕೆ ಎರವಾಗುವ ಕೆಲಸಗಳನ್ನು ಮಾಡಿಸಬಾರದು. ಇವನ್ನು ಒಬ್ಬೊಬ್ಬರೇ ಬೇಡಿಕೊಳ್ಳುವ ಬದಲು ಪ್ರತಿ ಶೆಡ್ಡಿನಲ್ಲೂ ಎಲ್ಲರೂ ಸೇರಿ, ಕಾಗದದ ಮೇಲೆ ಬರೆದು, ಈ ವಾರವೇ ಕೇಳೋಣ.

ಯಾಕೆ ಇಷ್ಟು ಅವಸರ ಎನ್ನುವವರು ಒಂದು ಪವರ್ ಪ್ರೆಸ್ಸನ್ನು ಹತ್ತಿರದಿಂದ ನೋಡಬೇಕು. ಪ್ರೆಸ್ಸಿಗೆ ಎರಡು ಬಟನ್ ಇರುತ್ತವೆ, ಎಡಗೈಗೆ ಒಂದು, ಬಲಗೈಗೆ ಒಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ರ‍್ಯಾಮ್ ಕೆಳಗಿಳಿಯಬೇಕು. ಎರಡೂ ಕೈ ಬಟನ್ ಮೇಲಿದ್ದರೆ ಡೈ ಒಳಗೆ ಕೈ ಇರಲು ಸಾಧ್ಯವೇ ಇಲ್ಲ, ಅದರ ಲೆಕ್ಕ ಅಷ್ಟೇ. ಟಾರ್ಗೆಟ್ ಏರಿದಾಗ ಆಗುವುದೇನು? ಒಂದು ಬಟನ್ನಿಗೆ ಮರದ ಚಕ್ಕೆ ಸಿಕ್ಕಿಸಿ ಮೇಲೆ ಟೇಪ್ ಸುತ್ತುತ್ತಾರೆ. ಇಲ್ಲವೇ ಬಟನ್‌ಗಳನ್ನೇ ಬಿಟ್ಟು ಕಾಲಿಗೆ ಪೆಡಲ್ ಕೊಡುತ್ತಾರೆ. ಆಮೇಲೆ ಒಂದು ಕೈ ಬಟನ್ ಒತ್ತುತ್ತದೆ, ಇನ್ನೊಂದು ಕೈ ತುಂಡು ಇಡುತ್ತದೆ, ತೆಗೆಯುತ್ತದೆ. ರಾತ್ರಿ ಹತ್ತೂವರೆಗೆ ಇದು ಸರಾಗವಾಗಿ ಸಾಗುತ್ತದೆ, ಕೈಗೂ ಕಿವಿಗೂ ಒಂದು ಲಯ ಸಿಕ್ಕಿರುತ್ತದೆ. ಮೂರೂವರೆಯ ಹೊತ್ತಿಗೆ ಅದೇ ಲಯ ಜೋಗುಳವಾಗುತ್ತದೆ. ಕಣ್ಣು ತೆರೆದೇ ಇರುತ್ತದೆ, ಎರಡು ಮೂರು ಸೆಕೆಂಡ್ ಮಿದುಳು ಮಾತ್ರ ಮಲಗಿಬಿಡುತ್ತದೆ. ಒತ್ತುವ ಕೈ ರೂಢಿಯಂತೆ ಒತ್ತುತ್ತದೆ. ತೆಗೆಯುವ ಕೈ ಇನ್ನೂ ಒಳಗೇ ಇರುತ್ತದೆ.

ಮಾರನೆಯ ದಿನ ರಿಪೋರ್ಟಿನಲ್ಲಿ ಒಂದೇ ಸಾಲು: ಕಾರ್ಮಿಕನ ಅಜಾಗರೂಕತೆ. ಅವನು ಎಷ್ಟನೇ ಗಂಟೆಯಲ್ಲಿದ್ದ, ಅದು ಸತತ ಎಷ್ಟನೇ ರಾತ್ರಿ, ಚಕ್ಕೆ ಸಿಕ್ಕಿಸಿದ್ದು ಯಾರಿಗೆಲ್ಲ ಗೊತ್ತಿತ್ತು, ಆ ಟಾರ್ಗೆಟ್ ಹಾಕಿದವರು ಯಾರು, ಇದನ್ನೆಲ್ಲ ಬರೆಯಲು ಆ ಹಾಳೆಯಲ್ಲಿ ಜಾಗವೇ ಇರುವುದಿಲ್ಲ. ನಾಲ್ಕು ಬೆರಳು ಕಳೆದುಕೊಂಡವನು ತಾನೇ ತಪ್ಪು ಮಾಡಿದೆ ಎಂದು ನಂಬಿಕೊಂಡು ಊರಿಗೆ ಹೋಗುತ್ತಾನೆ. ಆ ನಂಬಿಕೆಯನ್ನು ಮೊದಲು ಮುರಿಯಬೇಕು ಎಂದೇ ಈ ಕರಪತ್ರ ಹಂಚುತ್ತಿದ್ದೇವೆ.

ಮನುಷ್ಯನ ಮೈಯೊಳಗೆ ಗಡಿಯಾರ ಇರುವುದು ನಿಜ. ಅದು ಹೇಗೆ ನಡೆಯುತ್ತದೆ ಎಂದು ತಿಳಿಸಿಕೊಟ್ಟ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಕೊಟ್ಟರು. ರಾತ್ರಿ ಮೂರರಿಂದ ಐದರ ಆಸುಪಾಸಿನಲ್ಲಿ ಮೈಶಾಖ ತೀರಾ ಇಳಿಯುತ್ತದೆ, ಅದರ ಜೊತೆಗೆ ಚುರುಕುತನವೂ ಇಳಿಯುತ್ತದೆ. "ನಮಗೆ ಅಭ್ಯಾಸ ಆಗಿಹೋಗಿದೆ ಬಿಡಪ್ಪ" ಎನ್ನುವ ಹಿರಿಯರು ನಮ್ಮ ನಡುವೆ ಬಹಳ ಮಂದಿ. ಅವರ ಕೆಲಸದ ಮೇಲೆ ನಮಗೆ ಗೌರವವಿದೆ. ಆದರೆ ಎಷ್ಟು ವರ್ಷ ನೈಟ್ ಮಾಡಿದರೂ ಬಹುಪಾಲು ಜನರ ಮೈ ಪೂರ್ತಿ ಒಗ್ಗುವುದಿಲ್ಲ. ಬೆಳಿಗ್ಗೆ ಮನೆಗೆ ಹೋಗುವಾಗ ಮುಖಕ್ಕೆ ಬೀಳುವ ಬಿಸಿಲೇ ಆ ಗಡಿಯಾರವನ್ನು ಮತ್ತೆ ಹಗಲಿಗೆ ತಿರುಗಿಸಿಬಿಡುತ್ತದೆ.

ಇನ್ನೊಂದು ಲೆಕ್ಕ ಕೇಳಿ. ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು 1997ರಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಸತತ 17 ಗಂಟೆ ಎಚ್ಚರವಿದ್ದವರ ಕೈ ಕಣ್ಣಿನ ಹಿಡಿತ, 100 ಮಿಲಿ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಇರುವವರಷ್ಟೇ ಕುಸಿದಿತ್ತು. 24 ಗಂಟೆ ಎಚ್ಚರವಿದ್ದವರದು ಸುಮಾರು 100 ಮಿಲಿಗ್ರಾಂ ಇರುವವರ ಮಟ್ಟಕ್ಕೆ ಇಳಿದಿತ್ತು. ನಮ್ಮ ದೇಶದಲ್ಲಿ 30 ಮಿಲಿಗ್ರಾಂ ದಾಟಿದರೆ ಗಾಡಿ ಓಡಿಸುವಂತಿಲ್ಲ, ತುಮಕೂರು ರಸ್ತೆಯಲ್ಲಿ ಪೊಲೀಸರು ಊದಿಸಿ ಹಿಡಿಯುತ್ತಾರೆ. ವಾರದ ಮೊದಲ ನೈಟಿಗೆ ಬರುವವರು ಬೆಳಿಗ್ಗೆ ಏಳಕ್ಕೆ ಎದ್ದು, ಹಗಲೆಲ್ಲ ಮನೆಗೆಲಸ, ಮಕ್ಕಳ ಶಾಲೆ, ರೇಷನ್ ಎಂದು ಓಡಾಡಿ, ಮಲಗದೆಯೇ ಬಂದಿರುತ್ತಾರೆ. ಮಧ್ಯರಾತ್ರಿ ಹನ್ನೆರಡಕ್ಕೆ ಅವರ 17 ಗಂಟೆ ತುಂಬುತ್ತದೆ. ಪಾಳಿಯ ಉಳಿದ ಆರು ಗಂಟೆ ಅವರು ಪ್ರೆಸ್ ನಡೆಸುವುದು, ಫೋರ್ಕ್‌ಲಿಫ್ಟ್ ಓಡಿಸುವುದು, ಆಸಿಡ್ ಟ್ಯಾಂಕಿನ ಅಂಚಿನಲ್ಲಿ ನಿಲ್ಲುವುದು ಆ ಸ್ಥಿತಿಯಲ್ಲಿ. ಆಮೇಲೆ ಡಬಲ್ ಡ್ಯೂಟಿ ಎಂದರೆ ಮಧ್ಯಾಹ್ನ ಎರಡರವರೆಗೆ ಅದನ್ನೇ ಮುಂದುವರಿಸು ಎಂದು ಹೇಳಿದಂತೆ. ಕುಡಿದು ಬಂದವರನ್ನು ಗೇಟಿನಲ್ಲೇ ವಾಪಸ್ ಕಳಿಸುವ ಮ್ಯಾನೇಜರ್, ಇಡೀ ದಿನ ನಿದ್ದೆಗೆಟ್ಟವರನ್ನು ಹೊಗಳಿ ನಿಲ್ಲಿಸಿಕೊಳ್ಳುತ್ತಾರೆ. ಇದು ನಿಲ್ಲಲೇಬೇಕು.

2003ರಲ್ಲಿ ಫೋಕಾರ್ಡ್ ಮತ್ತು ಟಕರ್ ಎಂಬ ಬ್ರಿಟಿಷ್ ಸಂಶೋಧಕರು ಬೇರೆ ಬೇರೆ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಬೆಳಗಿನ ಪಾಳಿಗೆ ಹೋಲಿಸಿದರೆ ರಾತ್ರಿ ಪಾಳಿಯಲ್ಲಿ ಏಟು, ಅಪಘಾತಗಳ ಅಪಾಯ ಶೇ. 30ರಷ್ಟು ಹೆಚ್ಚು. ಸತತ ರಾತ್ರಿಗಳು ಕೂಡುತ್ತಾ ಹೋದಂತೆ ಅದು ಇನ್ನೂ ಏರುತ್ತದೆ. ನಾಲ್ಕನೆಯ ರಾತ್ರಿ ಮೊದಲನೆಯ ರಾತ್ರಿಯಂತಲ್ಲ ಎಂದು ನಮಗೆ ಮೈಯಿಂದಲೇ ಗೊತ್ತು, ಅವರು ಅದನ್ನು ಲೆಕ್ಕ ಹಾಕಿ ತೋರಿಸಿದ್ದಾರೆ.

ದೊಡ್ಡ ಕಾರ್ಖಾನೆಗಳಲ್ಲೂ ದೊಡ್ಡ ದುರಂತಗಳು ಬಹಳಷ್ಟು ಇದೇ ಹೊತ್ತಿನಲ್ಲಿ ಆಗಿವೆ. ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರ, 1979, ಬೆಳಗಿನ ಜಾವ ನಾಲ್ಕು ಗಂಟೆ. ಚೆರ್ನೋಬಿಲ್, 1986, ರಾತ್ರಿ ಒಂದು ಇಪ್ಪತ್ತಮೂರು. ವಿಶಾಖಪಟ್ಟಣದ ಸ್ಟೈರೀನ್ ಅನಿಲ ಸೋರಿಕೆ, 2020ರ ಮೇ 7, ಊರು ಮಲಗಿದ್ದ ಬೆಳಗಿನ ಜಾವ. ದೆಹಲಿಯ ಅನಾಜ್ ಮಂಡಿ, 2019ರ ಡಿಸೆಂಬರ್ 8, ಬೆಳಗಿನ ಜಾವ ದುಡಿಯುವ ಕಟ್ಟಡದಲ್ಲೇ ಮಲಗಿದ್ದ ಕಾರ್ಮಿಕರು ಹೊಗೆಯಲ್ಲಿ ಉಸಿರುಗಟ್ಟಿದರು, 43 ಜನ. ಒಂದೊಂದಕ್ಕೂ ಕಾರಣ ಬೇರೆ ಬೇರೆ, ಎಲ್ಲವನ್ನೂ ನಿದ್ದೆಯ ಮೇಲೆ ಹಾಕುವುದು ಸರಿಯಲ್ಲ. ಆದರೆ ರಾತ್ರಿಯಲ್ಲಿ ಸಣ್ಣ ತಪ್ಪನ್ನು ತಡೆಯಬೇಕಾದ ಎರಡನೆಯ ಕಣ್ಣು ಇರುವುದಿಲ್ಲ. ಭೋಪಾಲ್ ಅನಿಲ ದುರಂತ ನೋಡಿ. 1984ರ ಡಿಸೆಂಬರ್ 2ರ ರಾತ್ರಿ ಹನ್ನೊಂದೂವರೆಯ ಸುಮಾರಿಗೇ ಪ್ಲಾಂಟಿನಲ್ಲಿದ್ದವರ ಕಣ್ಣು ಉರಿಯತೊಡಗಿತ್ತು. ರಾತ್ರಿ ಪಾಳಿಯ ಮೇಂಟೆನೆನ್ಸ್ ಸೂಪರ್‌ವೈಸರ್ ಹುದ್ದೆಯನ್ನೇ ಕೆಲವು ದಿನ ಮೊದಲು ತೆಗೆದುಹಾಕಿದ್ದರು. ಖರ್ಚು ಉಳಿಸಲು ಜನರನ್ನೂ ಕಡಿಮೆ ಮಾಡಿದ್ದರು. ಟೀ ಕುಡಿದು ಬಂದು ಸೋರಿಕೆ ಹುಡುಕೋಣ ಎಂದುಕೊಳ್ಳುವಷ್ಟರಲ್ಲಿ ಟ್ಯಾಂಕು ಕೈಮೀರಿತ್ತು.

ಅಮೆರಿಕದ ಟೆಕ್ಸಸ್ ಸಿಟಿಯ ಎಣ್ಣೆ ಶುದ್ಧೀಕರಣ ಘಟಕದಲ್ಲಿ 2005ರ ಮಾರ್ಚ್ 23ರಂದು ನಡೆದ ಸ್ಫೋಟ ಹಗಲಿನದು, ಆದರೂ ದಣಿವಿನ ಕಥೆ ಅದೇ. 15 ಜನ ಸತ್ತರು. ತನಿಖೆ ಮಾಡಿದವರು ಕಂಟ್ರೋಲ್ ಬೋರ್ಡಿನ ಮುಂದೆ ಕೂತಿದ್ದ ಆಪರೇಟರ್‌ನ ಹಾಜರಿ ತೆಗೆದು ನೋಡಿದರೆ ಸತತ 29 ದಿನ, ದಿನಕ್ಕೆ 12 ಗಂಟೆ. ನಡುವೆ ಒಂದೇ ಒಂದು ರಜೆ ಇಲ್ಲ. ಆ ತನಿಖೆ ಆ ಮನುಷ್ಯನನ್ನು ಬೈದು ಮುಗಿಸಲಿಲ್ಲ, ಅಂಥ ಡ್ಯೂಟಿ ಹಾಕಲು ಬಿಟ್ಟ ಕಂಪನಿಯ ಪದ್ಧತಿಯನ್ನೇ ದೋಷವೆಂದು ಬರೆಯಿತು. ನಮ್ಮಲ್ಲೂ ಅಪಘಾತವಾದಾಗ ಮೊದಲು ತೆಗೆಯಬೇಕಾದ ದಾಖಲೆ ಹಾಜರಿ ಪುಸ್ತಕ.

ಕಾನೂನು ಏನು ಹೇಳುತ್ತದೆ? 1948ರ ಕಾರ್ಖಾನೆ ಕಾಯ್ದೆಯಿಂದ ಹಿಡಿದು 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸುರಕ್ಷತಾ ಸಂಹಿತೆಯವರೆಗೆ ಎರಡು ಮಾತು ಬದಲಾಗಿಲ್ಲ: ವಾರಕ್ಕೆ 48 ಗಂಟೆ, ಅದಕ್ಕೂ ಮೀರಿ ದುಡಿಸಿದರೆ ದುಪ್ಪಟ್ಟು ಕೂಲಿ. 2023ರಲ್ಲಿ ನಮ್ಮ ರಾಜ್ಯ ದಿನಕ್ಕೆ 12 ಗಂಟೆವರೆಗೂ ಕೆಲಸಕ್ಕೆ ಅವಕಾಶ ಕೊಡುವ ತಿದ್ದುಪಡಿ ತಂದಿತು. ಅದನ್ನು ತೋರಿಸಿ "ಇನ್ನು ಹನ್ನೆರಡು ಗಂಟೆಯೇ ಪಾಳಿ" ಎಂದು ಹೇಳುವವರು ಅದರ ಉಳಿದರ್ಧವನ್ನು ಹೇಳುವುದಿಲ್ಲ. ಆ ತಿದ್ದುಪಡಿಯಲ್ಲೂ ವಾರದ ಮಿತಿ 48 ಗಂಟೆಯೇ, ಕಾರ್ಮಿಕರ ಲಿಖಿತ ಒಪ್ಪಿಗೆಯೂ ಬೇಕು. ದಿನಕ್ಕೆ 12 ಗಂಟೆ ದುಡಿದವರಿಗೆ ನಾಲ್ಕು ದಿನಕ್ಕೇ ವಾರ ಮುಗಿಯಬೇಕು. ಆರೂ ದಿನ ಹನ್ನೆರಡು ಗಂಟೆ ದುಡಿಸಿ, ಓಟಿಗೆ ಸಿಂಗಲ್ ಕೂಲಿ ಕೊಟ್ಟು, ಮೇಲೊಂದು ಬನ್ನು ಟೀ ಕೊಡಿಸಿದರೆ ಅದಕ್ಕೆ ಯಾವ ಕಾನೂನಿನ ಬೆಂಬಲವೂ ಇಲ್ಲ. ಹೊಸ ಸಂಹಿತೆಯಲ್ಲೂ ಓಟಿಗೆ ನಿಮ್ಮ ಒಪ್ಪಿಗೆ ಬೇಕು. ಸೇರುವ ದಿನ ಹತ್ತು ಹಾಳೆಗಳ ಜೊತೆ ಸಹಿ ಹಾಕಿಸಿಕೊಂಡ ಖಾಲಿ ಫಾರಂ ಒಪ್ಪಿಗೆಯಾಗುವುದಿಲ್ಲ. ಹಾಗೆ ಸಹಿ ಮಾಡಿದ್ದರೆ ಈಗಲೇ ಬರೆದು ಅದನ್ನು ಹಿಂದಕ್ಕೆ ತೆಗೆದುಕೊಳ್ಳಿ.

ಹತ್ತು ಜನರೂ ಇಲ್ಲದ ಸಣ್ಣ ಶೆಡ್ಡುಗಳು ಪೀಣ್ಯದಲ್ಲಿ ಬೇಕಾದಷ್ಟಿವೆ. ಅಲ್ಲಿ ಕಾನೂನಿನ ಕಣ್ಣು ಬೀಳುವುದೇ ಕಡಿಮೆ. ಅಲ್ಲಿನ ಮಾಲೀಕರಲ್ಲಿ ಅನೇಕರು ಒಂದು ಕಾಲಕ್ಕೆ ನಮ್ಮಂತೆಯೇ ಲೇತ್ ಮುಂದೆ ನಿಂತವರು. ಅವರಿಗೂ ಒಂದು ಮಾತು. ಸಾರ್, ಸೋಮವಾರಕ್ಕೆ ಮಾಲು ಬೇಕೇ ಬೇಕು ಎಂದು ಶುಕ್ರವಾರ ಫೋನ್ ಮಾಡುವ ದೊಡ್ಡ ಕಂಪನಿಯ ಒತ್ತಡ ನಿಮ್ಮ ಮೇಲಿದೆ, ಬ್ಯಾಂಕಿನ ಕಂತು ಇದೆ, ನಮಗೆ ಗೊತ್ತು. ಆದರೆ ಆ ಒತ್ತಡವನ್ನು ನೀವು ಹಾಗೇ ನಮ್ಮ ಬೆರಳಿಗೆ ದಾಟಿಸಿದರೆ ನಿಮ್ಮ ಶೆಡ್ಡೂ ಉಳಿಯುವುದಿಲ್ಲ. ಮಾಲು ಕೇಳುವ ಕಂಪನಿಗಳ ಗೇಟಿನೊಳಗೆ ಹೆಲ್ಮೆಟ್ ಹಾಕದೆ ಒಂದು ಹೆಜ್ಜೆ ಇಡಲು ಬಿಡುವುದಿಲ್ಲ. ಅವರಿಗೆ ಬೇಕಾದ ತುಂಡು ಯಾರ ಎಷ್ಟನೇ ಗಂಟೆಯಲ್ಲಿ ತಯಾರಾಗುತ್ತಿದೆ ಎಂದು ಅವರನ್ನೂ ಕೇಳೋಣ, ನೀವೂ ನಮ್ಮ ಜೊತೆ ಸೇರಿ ಕೇಳಿ.

ಇನ್ನು ರಾತ್ರಿಯ ವ್ಯವಸ್ಥೆ. ಇವತ್ತು ರಾತ್ರಿ ಕೆಲಸಕ್ಕೆ ಹೋದಾಗ ಕೆಲವನ್ನು ನೀವೇ ನೋಡಿ. ಫಸ್ಟ್ ಏಡ್ ಡಬ್ಬದ ಬೀಗದ ಕೈ ಯಾರ ಹತ್ತಿರ ಇದೆ? ಬಹಳ ಕಡೆ ಅದು ಹಗಲಿನ ಆಫೀಸಿನವರ ಡ್ರಾಯರಿನಲ್ಲಿರುತ್ತದೆ, ಆಫೀಸಿಗೆ ರಾತ್ರಿ ಬೀಗ. ಹಿಂದಿನ ಬಾಗಿಲು ತೆರೆಯುತ್ತದೆಯೇ? ಕಳ್ಳತನದ ಭಯಕ್ಕೆ ಚಿಲಕ ಹಾಕಿ ಸರಪಳಿ ಬಿಗಿದಿದ್ದರೆ, ಬೆಂಕಿ ಬಿದ್ದ ದಿನ ಒಳಗಿರುವವರು ಒಳಗೇ. ಸರಪಳಿ ತೆಗೆಸಿ, ಒಳಗಿನಿಂದ ತಳ್ಳಿದರೆ ತೆರೆಯುವ ಬಾಗಿಲು ಕೇಳಿ. ಪ್ಯಾನೆಲ್ ಬೋರ್ಡ್ ಮುಂದೆ ಕಾರ್ಟನ್ ಬಾಕ್ಸ್ ಪೇರಿಸಿದ್ದಾರೆಯೇ? ಮೆಷಿನ್ ಮೇಲಿನ ಲೈಟು ಉರಿಯುತ್ತಿದೆಯೇ, ಕರೆಂಟು ಹೋದರೆ ದಾರಿ ತೋರಿಸುವ ಲೈಟು ಒಂದಾದರೂ ಇದೆಯೇ?

ಯಾರೂ ಒಂಟಿಯಾಗಿ ರಾತ್ರಿ ಪಾಳಿ ಮಾಡಬಾರದು. ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಇನ್ನೊಬ್ಬರು ಇರಲೇಬೇಕು. ಡೈ ಬದಲಿಸುವುದು, ಜೀವಂತ ಕರೆಂಟಿನ ಕೆಲಸ, ಎತ್ತರಕ್ಕೆ ಹತ್ತುವುದು, ಕೊಳಚೆ ಟ್ಯಾಂಕಿಗೆ ಇಳಿಯುವುದು, ಇವು ಹಗಲಿಗೇ ಇರಲಿ. ಟ್ಯಾಂಕಿನ ಮಾತು ಬಂದಿದ್ದರಿಂದ ಹೇಳಲೇಬೇಕು. ಪ್ಲೇಟಿಂಗ್ ಘಟಕಗಳ ಗುಂಡಿ, ಇಟಿಪಿ ಟ್ಯಾಂಕುಗಳಲ್ಲಿ ಒಬ್ಬರು ಕುಸಿದರೆ ಅವರನ್ನು ಎತ್ತಲು ಎರಡನೆಯವರು ಇಳಿಯುತ್ತಾರೆ, ಅವರನ್ನು ಎತ್ತಲು ಮೂರನೆಯವರು. ಒಬ್ಬರ ಸಾವಿನಲ್ಲಿ ನಿಲ್ಲಬೇಕಾದದ್ದು ಮೂವರವರೆಗೆ ಹೋಗುವುದು ಹೀಗೆ. ಯಾರು ಕೂಗಿದರೂ ಗಾಳಿ ಪರೀಕ್ಷೆ ಮಾಡದೆ, ಹಗ್ಗ ಕಟ್ಟಿಕೊಳ್ಳದೆ, ಮೇಲೆ ಜನ ನಿಲ್ಲದೆ ಇಳಿಯಬೇಡಿ. ಮೆಷಿನ್ ರಿಪೇರಿಗೆ ಕೈ ಹಾಕುವ ಮೊದಲು ಮೇನ್ ಸ್ವಿಚ್ ತೆಗೆದು ಬೀಗ ಹಾಕಿ, ಬೀಗದ ಕೈ ನಿಮ್ಮ ಜೇಬಿನಲ್ಲಿರಲಿ. ರಾತ್ರಿ ನಿದ್ದೆಗಣ್ಣಿನಲ್ಲಿ ಬೇರೆ ಯಾರೋ ಬಂದು ಸ್ವಿಚ್ ಹಾಕಿದ್ದರಿಂದ ಹೋದ ಕೈಗಳು ಕಡಿಮೆಯಿಲ್ಲ. ಪಾಳಿ ಬದಲಾಗುವಾಗ ಐದು ನಿಮಿಷ ಮೆಷಿನ್ ಪಕ್ಕದಲ್ಲೇ ನಿಂತು ಮಾತಾಡಿ: ಯಾವ ಸೆನ್ಸರ್ ಕೆಟ್ಟಿದೆ, ಯಾವ ಗಾರ್ಡ್ ಬಿಚ್ಚಿದೆ, ಎಲ್ಲಿ ಎಣ್ಣೆ ಚೆಲ್ಲಿದೆ. ಆ ಐದು ನಿಮಿಷಕ್ಕೂ ಕೂಲಿ ಸಿಗಬೇಕು.

ಎರಡರಿಂದ ಐದರ ನಡುವೆ ಇಪ್ಪತ್ತು ನಿಮಿಷದ ಮಲಗುವ ಬಿಡುವು ಕೇಳಿ. ಕದ್ದು ಪ್ಯಾಕಿಂಗ್ ರೂಮಿನಲ್ಲಿ ಮಲಗುವುದಕ್ಕೂ, ಸರದಿಯಂತೆ ಬೆಂಚಿನ ಮೇಲೆ ಮಲಗಿ ಏಳುವುದಕ್ಕೂ ಬಹಳ ವ್ಯತ್ಯಾಸವಿದೆ. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬೇಡ, ಗಾಢ ನಿದ್ದೆಗೆ ಜಾರಿದರೆ ಎದ್ದ ಮೇಲೆ ಇನ್ನಷ್ಟು ಮಂಪರು. ಎದ್ದು ಮುಖ ತೊಳೆದು ಹತ್ತು ಹದಿನೈದು ನಿಮಿಷ ಆದ ಮೇಲೆಯೇ ಮೆಷಿನ್ ಮುಟ್ಟಿ. ಟೀ ಕಾಫಿ ಪಾಳಿಯ ಮೊದಲರ್ಧದಲ್ಲಿ ಕುಡಿಯಿರಿ. ಅದರ ಪ್ರಭಾವ ಐದಾರು ಗಂಟೆಗೆ ಅರ್ಧ ಇಳಿಯುತ್ತದೆ ಅಷ್ಟೆ, ನಾಲ್ಕು ಗಂಟೆಗೆ ಕುಡಿದ ಕಾಫಿ ಬೆಳಿಗ್ಗೆ ಎಂಟಕ್ಕೆ ನಿದ್ದೆ ಮಾಡಲು ಬಿಡುವುದಿಲ್ಲ. ಎಚ್ಚರವಿರಲೆಂದು ಗುಟ್ಕಾ ಹಾಕುವುದು, ಯಾರೋ ಕೊಟ್ಟ ಮಾತ್ರೆ ನುಂಗುವುದು ಬೇಡವೇ ಬೇಡ.

ಮನೆಯವರಿಗೂ ಇದನ್ನು ಓದಿ ಹೇಳಿ. ಅಮ್ಮಂದಿರೇ, ಅತ್ತೆಯರೇ, ಹಗಲು ಹನ್ನೊಂದಕ್ಕೆ ಮಲಗಿರುವ ಮಗ, ಸೊಸೆ ಸೋಮಾರಿಗಳಲ್ಲ, ಅವರಿಗೆ ಅದು ನಡುರಾತ್ರಿ. ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ, ಫೋನ್ ತೆಗೆದಿಡಿ, ಕರೆಂಟ್ ಬಿಲ್ಲು, ಗ್ಯಾಸ್ ಸಿಲಿಂಡರಿಗೆಂದು ಎಬ್ಬಿಸಬೇಡಿ. ಸೊಸೆಯಂದಿರ ಪಾಡು ಇನ್ನೂ ಕಷ್ಟದ್ದು. ರಾತ್ರಿ ದುಡಿದು ಬಂದು ಬೆಳಿಗ್ಗೆ ತಿಂಡಿ, ಮಧ್ಯಾಹ್ನದ ಅಡುಗೆ, ಬಟ್ಟೆ, ಮಕ್ಕಳು ಎಲ್ಲ ಮುಗಿಸಿ ಮೂರು ಗಂಟೆಯೂ ಮಲಗದವರು ಮತ್ತೆ ರಾತ್ರಿ ಬಸ್ ಹತ್ತುತ್ತಾರೆ. ಮನೆಯ ಗಂಡಸರು ಇದರಲ್ಲಿ ಪಾಲು ತೆಗೆದುಕೊಳ್ಳದಿದ್ದರೆ ಕಾರ್ಖಾನೆಯಲ್ಲಿ ಯಾವ ನಿಯಮ ತಂದೂ ಪ್ರಯೋಜನವಿಲ್ಲ. ಹೆಂಗಸರನ್ನು ರಾತ್ರಿ ಕೆಲಸಕ್ಕೆ ಕರೆಯಬೇಕಾದರೆ ಅವರ ಒಪ್ಪಿಗೆಯೂ, ಸುರಕ್ಷಿತವಾಗಿ ಹೋಗಿಬರುವ ವ್ಯವಸ್ಥೆಯೂ ಮಾಲೀಕರ ಹೊಣೆ. ಕ್ರಾಸಿನಲ್ಲಿ ಇಳಿಸಿ ಹೋಗುವ ವ್ಯಾನು ಸಾಲದು, ಮನೆ ಬಾಗಿಲಿಗೆ ಬಿಡಬೇಕು ಎಂದು ಕೇಳಿ.

ಪಾಳಿ ಮುಗಿಸಿ ಬೈಕ್ ಓಡಿಸುವಾಗ ಕಣ್ಣು ಎಳೆದರೆ ಪಕ್ಕಕ್ಕೆ ಹಾಕಿ ಹತ್ತು ನಿಮಿಷ ಮಲಗಿ, ಸಾಧ್ಯವಾದರೆ ಬಸ್ಸು, ಮೆಟ್ರೊ ಹಿಡಿಯಿರಿ. ಇಎಸ್‌ಐ ಇರುವವರು ಇದೊಂದನ್ನು ತಿಳಿದಿರಿ: ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗುವ ದಾರಿಯಲ್ಲಿ ಆದ ಅಪಘಾತವನ್ನೂ ಕೆಲಸದಲ್ಲಾದ ಅಪಘಾತವೆಂದೇ ಪರಿಗಣಿಸಬೇಕೆಂದು 2010ರಲ್ಲೇ ಕಾಯ್ದೆಗೆ ಸೇರಿಸಿದ್ದಾರೆ.

ಕೇಳುವುದು ಹೇಗೆ? ಒಬ್ಬರೇ ಹೋಗಬೇಡಿ. ಕಂಟ್ರಾಕ್ಟ್ ಹುಡುಗನನ್ನು ಮುಂದೆ ಬಿಟ್ಟು ಪರ್ಮನೆಂಟ್ ಆದವರು ಹಿಂದೆ ನಿಲ್ಲಬೇಡಿ, ಕೆಲಸ ಮೊದಲು ಹೋಗುವುದು ಅವನದು. ಐದಾರು ಜನ ಸೇರಿ ಒಂದು ಹಾಳೆಯಲ್ಲಿ ಬರೆಯಿರಿ: ಡಬಲ್ ಡ್ಯೂಟಿ ಬೇಡ, ಎರಡರಿಂದ ಐದರವರೆಗೆ ಅಪಾಯದ ಕೆಲಸ ಬೇಡ, ಬಿಡುವು ಬೇಕು, ಬೀಗದ ಕೈ ಪಾಳಿಯಲ್ಲೇ ಇರಬೇಕು, ಎರಡೂ ಬಟನ್ ಕೆಲಸ ಮಾಡಬೇಕು. ದಿನಾಂಕ ಹಾಕಿ, ಎಲ್ಲರೂ ಸಹಿ ಹಾಕಿ, ಫೋಟೋ ತೆಗೆದಿಟ್ಟುಕೊಂಡು ಕೊಡಿ. ಸುರಕ್ಷತಾ ಸಮಿತಿ ಇದ್ದರೆ ಅದರ ಮುಂದೆ ಇಡಿ. ಜೀವಕ್ಕೆ ಅಪಾಯ ಎದುರಿಗೇ ಇದೆ ಎಂದು ಅನ್ನಿಸಿದಾಗ ಅದನ್ನು ಮಾಲೀಕರಿಗೂ ಸರ್ಕಾರಿ ಇನ್‌ಸ್ಪೆಕ್ಟರಿಗೂ ತಿಳಿಸುವ ಹಕ್ಕು ಕಾನೂನಿನಲ್ಲಿ ಬರೆದಿದೆ. ಉತ್ತರ ಬಾರದಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ ಇದೆ, ಅಲ್ಲಿ ದೂರು ಕೊಡಿ. ದೂರು ಕೊಟ್ಟವರು ಯಾರೆಂದು ಇನ್‌ಸ್ಪೆಕ್ಟರ್ ಹೊರಗೆ ಬಿಡಬಾರದು ಎಂಬ ನಿಯಮ ಭೋಪಾಲ್ ಆದ ಮೇಲೆ ಕಾರ್ಖಾನೆ ಕಾಯ್ದೆಯ 1987ರ ತಿದ್ದುಪಡಿಯಲ್ಲಿ ಬಂತು.

ಬಿಹಾರ, ಒಡಿಶಾ, ಅಸ್ಸಾಮಿನಿಂದ ಬಂದ ತಮ್ಮಂದಿರು ನಮ್ಮ ಪಕ್ಕದ ಮೆಷಿನ್ನಿನಲ್ಲೇ ಇದ್ದಾರೆ, ಅವರಿಗೆ ಇದನ್ನು ಓದಲು ಬರುವುದಿಲ್ಲ. ಊಟದ ಬಿಡುವಿನಲ್ಲಿ ಹಿಂದಿಯಲ್ಲಿ ಹೇಳಿ. ಡಬಲ್ ಡ್ಯೂಟಿಯನ್ನು ಹೆಚ್ಚು ಹೊರುತ್ತಿರುವವರು ಅವರೇ. ಇಲ್ಲಿ ಮನೆ ಇಲ್ಲ, ರೂಮಿಗೆ ಹೋದರೂ ಇನ್ನೊಂದು ಪಾಳಿಯವರು ಮಲಗಿರುತ್ತಾರೆ, ಊರಿಗೆ ದುಡ್ಡು ಕಳಿಸಬೇಕು. ಅವರು ಒಪ್ಪಿಕೊಳ್ಳುತ್ತಾರೆಂದು ನಮ್ಮ ಮಾತು ಬಿದ್ದುಹೋಗುವುದು ಬೇಡ. ಓಟಿ ಇಲ್ಲದೆ ಹೊಟ್ಟೆ ತುಂಬದಷ್ಟು ಕೂಲಿ ಇದೆ ಎನ್ನುವುದೂ ನಮ್ಮ ಜಗಳದ ಭಾಗವೇ.

ಇಷ್ಟಾಗಿಯೂ ಯಾರಿಗಾದರೂ ಏಟಾದರೆ ಮೆಷಿನ್ ನಿಲ್ಲಿಸಿ, ಗಾಯವನ್ನು ಶುದ್ಧ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿಯಿರಿ, 108ಕ್ಕೆ ಫೋನ್ ಮಾಡಿ. ಬೆರಳು ತುಂಡಾಗಿದ್ದರೆ ಅದನ್ನು ಹುಡುಕಿ, ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ನೀರು ಹೋಗದ ಪ್ಲಾಸ್ಟಿಕ್ ಕವರಿಗೆ ಹಾಕಿ, ಆ ಕವರನ್ನು ಐಸಿನ ಮೇಲಿಡಿ. ಬೆರಳಿಗೆ ಐಸು ನೇರ ತಾಗಬಾರದು. ಗಾಯಾಳುವಿನ ಜೊತೆಗೇ ಅದೂ ಆಸ್ಪತ್ರೆಗೆ ಹೋಗಲಿ, ಜೊತೆಯಲ್ಲಿ ನಮ್ಮವರೊಬ್ಬರು ಇರಲಿ. ಉಳಿದವರು ಮೆಷಿನ್ ಇದ್ದ ಸ್ಥಿತಿಯಲ್ಲೇ ಫೋಟೋ ತೆಗೆಯಿರಿ, ಚಕ್ಕೆ, ಟೇಪ್ ಕೀಳಲು ಬಿಡಬೇಡಿ. ಸಮಯ, ಅವರು ಪಾಳಿಗೆ ಬಂದ ಗಂಟೆ, ಹಿಂದಿನ ಪಾಳಿ ಮಾಡಿದ್ದರೇ ಇಲ್ಲವೇ ಎಂದು ಬರೆದಿಡಿ. ಅಪಘಾತದ ರಿಜಿಸ್ಟರಿನಲ್ಲಿ ಅದೆಲ್ಲ ಸೇರುವವರೆಗೆ, ಇಎಸ್‌ಐಗೆ ವರದಿ ಹೋಗುವವರೆಗೆ ಗಾಯಗೊಂಡ ಗೆಳೆಯರಿಂದ ಯಾವ ಹಾಳೆಗೂ ಸಹಿ ಹಾಕಿಸಿಕೊಳ್ಳಲು ಬಿಡಬೇಡಿ.

ಇಂತಿ,
ನಿಮ್ಮ ಜೊತೆಗೇ ರಾತ್ರಿ ದುಡಿಯುವವರು, ಪೀಣ್ಯ
(ಓದಿದ ಮೇಲೆ ಎಸೆಯಬೇಡಿ, ಕ್ಯಾಂಟೀನಿನ ಗೋಡೆಗೆ ಅಂಟಿಸಿ.)